ಒಂದೊಂದಾಗಿ ಏಳುವ ಯಂತ್ರಗಳು

ಸಾಬೂನಿನ ವಾಸನೆ, ಹಬೆ, ಇನ್ನೂ ಬೆಚ್ಚಗಾಗದ ಒಣಗಿಸುವ ಯಂತ್ರದ ಗಾಜಿನಲ್ಲಿ ಯಾರೋ ಮುದುಕನ ಮುಖ, ನನ್ನದೇ ಇರಬೇಕು, ಹೆಂಡತಿ ಹೋದ ಮೇಲೆ ಕನ್ನಡಿ ನೋಡುವುದನ್ನೇ ಬಿಟ್ಟಿದ್ದೇನೆ — ಈ ಲಾಂಡ್ರಿ ಅವಳದು, ನಾನು ಹೆಸರಿಗೆ ಯಜಮಾನ, ಬೆಳಿಗ್ಗೆ ಕೈಮುಗಿದು ಯಂತ್ರಗಳನ್ನೆಲ್ಲ ಒಂದೇ ಏಟಿಗೆ ಚಾಲೂ ಮಾಡುತ್ತಿದ್ದಳು, ಎಲ್ಲವೂ ಒಟ್ಟಿಗೆ ಎದ್ದರೆ ಮನೆಮಂದಿಯೆಲ್ಲ ಒಟ್ಟಿಗೆ ದೇವರ ಹೆಸರು ಹೇಳಿದ ಹಾಗೆ ಕಣ್ರೀ ಎನ್ನುತ್ತಿದ್ದಳು, ನೆಲ ನಡುಗುತ್ತಿತ್ತು, ಅವಳು ಹೋದ ಮೇಲೂ ನಾನದನ್ನು ತಪ್ಪಿಸಲಿಲ್ಲ, ಆ ಸದ್ದಿನೊಳಗೆ ಅವಳಿದ್ದಳು — ಕರೆಂಟ್ ಕಂಪನಿಯ ಜೊತೆಗಿನ ಕರಾರು ಮುಗಿಯುತ್ತ ಬಂತು, ಇನ್ನು ಯಾವ ಕಂಪನಿಯಿಂದ ಕೊಳ್ಳುವುದು, ಹೊಸ ಕರಾರನ್ನು ಯಾರ ಕೈಯಲ್ಲಿ ಮಾಡಿಸೋಣವೆಂದು ಮಗಳು ಇಬ್ಬರನ್ನು ಕರೆಸಿದಳು, ಮೊದಲು ಬಂದವನು ದಲ್ಲಾಳಿ, ಬಾಯಲ್ಲಿ ಬೆಲ್ಲ, ನಾನು ಅವಳ ಕಥೆ ಹೇಳಿದ್ದೇ ತಡ, ಅಮ್ಮನೋರ ಪದ್ಧತಿ ಬಿಡ್ಬೇಡಿ ಯಜಮಾನ್ರೇ, ಅದೇ ನಿಮಗೆ ಶ್ರೀರಕ್ಷೆ, ನನಗೊಂದು ಕಾಸೂ ಬೇಡ, ಇಲ್ಲೊಂದು ಸಹಿ ಹಾಕಿ ಸಾಕು, ನನ್ನ ಕಣ್ಣು ತುಂಬಿತ್ತು, ಕೈ ಪೆನ್ನಿನ ಕಡೆ ಹೋಗಿಯೂ ಇತ್ತು, ಆಗ ಮಗಳು ಅಂಗೈ ಎತ್ತಿದಳು, ಇರಿ ಅಣ್ಣ, ನಾವು ಕೊಡದಿದ್ರೆ ನಿಮ್ಮ ಹೊಟ್ಟೆ ತುಂಬಿಸೋರು ಯಾರು, ಅವನು ನಕ್ಕ, ಕರೆಂಟ್ ಕಂಪನಿಯೋರು ನೋಡ್ಕೋತಾರೆ ಬಿಡಿ ಅಕ್ಕ, ಮಗಳು ಬಿಡಲಿಲ್ಲ, ಅವರು ಅದನ್ನ ನಮ್ಮ ಯೂನಿಟ್ ದರದಲ್ಲೇ ಸೇರಿಸಿರ್ತಾರಲ್ವಾ, ಎಷ್ಟು ಅಂತ ಬರ್ದು ಕೊಡಿ — ತಟ್ಟನೆ ಅವನು ಫೋನು ಕಿವಿಗಿಟ್ಟುಕೊಂಡು ಎದ್ದ, ಅದು ರಿಂಗೇ ಆಗಿರಲಿಲ್ಲ, ಎಂಥ ಜಾಣೆ ನನ್ನ ಮಗಳು, ಈ ಹೆಮ್ಮೆ ಯಾರಿಗೆ ಹೇಳಿಕೊಳ್ಳಲಿ, ಕೇಳಬೇಕಾದ ಅವಳಮ್ಮನೇ ಇಲ್ಲ — ಆಮೇಲೆ ಬಂದವನು ಸ್ವತಂತ್ರ ಸಲಹೆಗಾರ, ಯಾವ ಕಂಪನಿಯ ಹಂಗೂ ಇಲ್ಲದವನು, ಬಂದವನೇ ತನ್ನ ಫೀಸು ಹೇಳಿದ, ನಗಲಿಲ್ಲ, ಕುರ್ಚಿ ಹಾಕಿದರೂ ಕೂರದೆ ಒಳಗೆ ನಡೆದ, ಎಲ್ಲವನ್ನೂ ಒಟ್ಟಿಗೆ ಹಚ್ಚಿ ತೋರಿಸಿದೆ, ಹೆಮ್ಮೆಯಿಂದಲೇ, ಅವನೆಂದ, ಇದನ್ನ ಮೊದಲು ಬಿಡಿ ಯಜಮಾನ್ರೇ, ಒಂದೇ ಸಲ ಇಷ್ಟು ಕರೆಂಟ್ ಎಳೆದ್ರೆ ತಿಂಗಳಿಡೀ ಆ ಒಂದು ಏಟಿನ ಲೆಕ್ಕದಲ್ಲೇ ಬಿಲ್ ಬರತ್ತೆ, ನಡುವೆ ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಹಚ್ಚಿ, ಕರಾರು ಯಾರ ಜೊತೆ ಮಾಡ್ಕೊಂಡ್ರೂ ಅಷ್ಟೇ — ಇವನು ಬೇಡ ಎಂದೆ, ಅವನೆದುರೇ, ಸತ್ತವಳನ್ನು ಇನ್ನೊಮ್ಮೆ ಹೊರಗೆ ಕಳಿಸೆಂದ ಹಾಗಿತ್ತು, ಅವನು ಹೋದ ಮೇಲೆ ಮಗಳು ಪಕ್ಕದಲ್ಲಿ ಕೂತಳು, ಅಪ್ಪಾ, ಸಹಿ ನಿಮ್ದು, ನಾನೇನೂ ಹೇಳಲ್ಲ, ಅಮ್ಮ ಇದ್ದಿದ್ರೆ ಇವರಿಬ್ಬರಲ್ಲಿ ಯಾರಿಗೆ ಟೀ ಕೊಡ್ತಿದ್ಲು ಹೇಳಿ — ಹೊಗಳಿದವರಿಗೆ ಬಾಗಿಲು ತೋರಿಸಿ ತಪ್ಪು ಹಿಡಿದವರನ್ನು ಕೂರಿಸಿಕೊಳ್ಳುತ್ತಿದ್ದವಳು ಅವಳು, ನನ್ನನ್ನು ಕಟ್ಟಿಕೊಂಡು ಅದು ಹೇಗೆ ಬಾಳಿದಳೋ, ನಗು ಬಂತು, ಎಷ್ಟೋ ದಿನಕ್ಕೆ, ನಿನ್ನೆ ಆ ಸಲಹೆಗಾರನನ್ನೇ ಕರೆಸಿ ಸಹಿ ಹಾಕಿದೆ, ಭಗವಂತ, ಒಬ್ಬೊಬ್ಬರಾಗಿ ಕರೆದರೂ ನಿನಗೆ ಕೇಳಿಸುತ್ತದಲ್ಲವೇ — ಇಗೋ ಮಗಳು ಕೈಮುಗಿದಳು, ಮೊದಲ ಯಂತ್ರ ಎದ್ದಿತು, ಅದೊಂದೇ, ನೆಲ ಸುಮ್ಮನಿದೆ, ಅಭ್ಯಾಸಬಲದಿಂದ ನಾನೇ ಪಕ್ಕದ ಯಂತ್ರದ ಗುಂಡಿಗೆ ಕೈ ಹಾಕಿದೆ, ಇರಿ ಅಪ್ಪಾ, ಇನ್ನೂ ಸ್ವಲ್ಪ, ಅಂಗೈ ಎತ್ತಿದ್ದಾಳೆ, ಹಬೆಗೆ ಕೆಂಪಾದ ಅಂಗೈ, ನಾನು ಕೈ ಹಿಂದೆಗೆದೆ, ಎತ್ತಿದ ಆ ಅಂಗೈ, ದೇವರ ಅಭಯಹಸ್ತದ ಹಾಗೆ —