ಚಾಂದಸಾಬರ ಜೇಬಿನ ಅಳತೆ

ಸೇರು, ಪಾವು, ಕಿಲೋ ಎಂಬ ಲೋಕವೊಪ್ಪಿದ ಮಾನಗಳನ್ನೆಲ್ಲ ನಿರಾಕರಿಸಿ, ತಮ್ಮ ಕೆಂಪು ಕೋಟಿನ ಎರಡು ಜೇಬುಗಳನ್ನೇ ಪರಮ ಪ್ರಮಾಣವೆಂದು ನಂಬಿದ ಮನುಷ್ಯ ಮರಳಿ ಗ್ರಾಮದ ಚಾಂದಸಾಬರು. ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಕಾಲದ ಕೋಟು ಅದು. ಡಿಜೆ ಬಂದು ಬ್ಯಾಂಡು ಚದುರಿದರೂ ಹಿತ್ತಾಳೆ ಗುಂಡಿಗಳ ಹೊಳಪು ಮಾಸಲಿಲ್ಲ, ನಡಿಗೆಯ ತಾಳ ತಪ್ಪಲಿಲ್ಲ. ಬೆಳಿಗ್ಗೆ ಓಣಿಯ ತುದಿಯ ಅಕ್ಕಿ ಗಿರಣಿಗೆ ಹೋಗಿ, ಎರಡೂ ಜೇಬಿಗೆ ನುಚ್ಚು ತುಂಬಿಕೊಂಡು, ಹಿಂದೊಂದು ದಿಬ್ಬಣ ಬರುತ್ತಿದೆಯೇನೋ ಎಂಬಂತೆ ಎದೆಯೆತ್ತಿ ಹೆಜ್ಜೆ ಹಾಕುತ್ತ ಮನೆಗೆ ಬರುವರು. ದಿಬ್ಬಣವೂ ಬರುತ್ತಿತ್ತೆನ್ನಿ, ಓಣಿಯ ಕೋಳಿಗಳದು.

ನಾನೂ ಹಿತ್ತಲಲ್ಲಿ ಕೋಳಿ ಸಾಕುವ ಹುಮ್ಮಸ್ಸಿನಲ್ಲಿ, ದಿನಕ್ಕೆ ಎಷ್ಟು ಮೇವು ಬೇಕಾದೀತೆಂದು ಅವರನ್ನು ಕೇಳಲು ಹೋದೆ.

“ಹತ್ತು ಕೋಳಿಗೆ ಎರಡು ಜೇಬು. ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ. ಉಳಿದದ್ದು ಹುಳಹುಪ್ಪಡಿ ತಾವs ಕೆದರಿ ತಿಂತಾವ, ನೋಡ್ರಿ ಸರ.”

ಯಾರ ಜೇಬು ಎಂದರೆ, ಇದೆಂಥ ಪ್ರಶ್ನೆ ಎಂಬಂತೆ ದುರುಗುಟ್ಟಿ ನೋಡಿದರು. ಅವರ ಕೋಳಿಗಳೂ ಯಜಮಾನನ ಮಾತಿಗೆ ಸಾಕ್ಷಿಯಾಗಿ ಬುಟ್ಟಿ ತುಂಬ ಮೊಟ್ಟೆ ಇಡುತ್ತಿದ್ದವು.

ಮುಂದೆ ಮಗಳು ಮೆಹಜಬೀನ ಹೆರಿಗೆಗೆಂದು ತವರಿಗೆ ಬಂದಳು, ಮೊಮ್ಮಗ ಹುಟ್ಟಿದ. ಬಾಣಂತಿಗೆ ಮನೆಯ ಮೊಟ್ಟೆಯನ್ನೇ ತಿನ್ನಿಸುತ್ತೇನೆಂದು ಚಾಂದಸಾಬರು ಓಣಿಗೆಲ್ಲ ಸಾರಿದರು. ಸಾರಿದ್ದೇ ತಡ, ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು! ಮೈಭಾರ ಹೊರಲಾರದೆ ನೆರಳಲ್ಲಿ ಕುಳಿತು ತೂಕಡಿಸತೊಡಗಿದವು. ಅವರು ಬಿಸಿಲನ್ನು ಬೈದರು, ಹೊಸ ತಳಿಯ ಭತ್ತವನ್ನು ಬೈದರು, ಯಾರದೋ ಕಣ್ಣು ಬಿದ್ದಿದೆ ಎಂದರು, ಪಾಪದ ಹುಂಜನ ಪೌರುಷವನ್ನೂ ಶಂಕಿಸಿದರು. ಜೇಬನ್ನು ಮಾತ್ರ ಶಂಕಿಸಲಿಲ್ಲ.

ಕೊನೆಗೆ ಮಡದಿ ಮುಮ್ತಾಜಬೇಗಂ ಗಡುವು ಹಾಕಿದರು. “ಶುಕ್ರವಾರ ಗಂಗಾವತಿಗೆ ಒಯ್ದು ಎಲ್ಲಾ ಮಾರಿ ಬರ್ರಿ. ಮಗಳಿಗೆ ತತ್ತಿ ಅಂಗಡಿಯಿಂದ ತಂದ್ರಾತು.” ಚಾಂದಸಾಬರ ಮುಖ ನೋಡಿ ನನಗೇ ಸಂಕಟವಾಯಿತು.

ಗುರುವಾರ ಬೆಳಿಗ್ಗೆ ನಾನು ಅವರ ಜೊತೆಯಲ್ಲೇ ಗಿರಣಿಯಿಂದ ಬರುತ್ತಿದ್ದೆ. ಹಿಂದೆ ದಿಬ್ಬಣವಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ನೆರೆಮನೆಯ ಮಾರೆವ್ವ ತಡೆದು ಕೇಳಿದಳು:

“ಯಾಕ ಚಾಂದಣ್ಣ, ನನ್ನ ಕೋಳಿ ಮ್ಯಾಲ ಸಿಟ್ಟೇನ? ಮೊದಲ ಹಾದಿ ತುಂಬ ನುಚ್ಚು ಚೆಲ್ಕೋಂತ ಬರ್ತಿದ್ದಿ. ಮಗಳು ಬಂದಾಗಿಂದ ಒಂದು ಕಾಳು ಬೀಳವಲ್ದು.”

ಚಾಂದಸಾಬರು ಗಕ್ಕನೆ ನಿಂತರು. ಬಲಜೇಬಿಗೆ ಕೈಯಿಳಿಸಿ ತಳ ತಡವಿದರು. ಹೊಸ ದಾರದ ದಪ್ಪ ಹೊಲಿಗೆಯೊಂದು ಬೆರಳಿಗೆ ಹತ್ತಿತು. ಅವರ ಕಣ್ಣು ಅರಳಿದ್ದನ್ನು ಕಂಡೆ, ಆಮೇಲೆ ಕಂಡದ್ದು ಅವರ ಬೆನ್ನು ಮಾತ್ರ. ಆ ವಯಸ್ಸಿನಲ್ಲಿ ಆ ಓಟವೇ! ನಾನು ಏದುಸಿರು ಬಿಡುತ್ತ ಮನೆ ಸೇರುವಷ್ಟರಲ್ಲಿ ವಿಚಾರಣೆ ಮುಗಿದಿತ್ತು. ಬೀಗರ ಮುಂದೆ ಹರಕು ಕೋಟು ಚೆನ್ನಲ್ಲವೆಂದು ಮುಮ್ತಾಜಬೇಗಮರೇ ಜೇಬಿನ ತೂತು ಹೊಲಿದಿದ್ದರು. ಅಂದರೆ ಇಷ್ಟು ವರ್ಷ ಅವರ ಕೋಳಿಗಳು ತಿಂದದ್ದು ಎರಡು ಜೇಬಲ್ಲ, ತೂತು ಉಳಿಸಿದ್ದಷ್ಟೇ; ಈಗ ಪೂರ್ತಿ ತಿಂದು ಕೊಬ್ಬಿ ಮೊಟ್ಟೆ ಮರೆತಿದ್ದವು.

ಚಾಂದಸಾಬರು ಕತ್ತರಿ ಕೇಳಿದರು.

“ಹೊಲದದ್ದು ಯಾಕ ಬಿಚ್ತೀರಿ? ಜೇಬು ಒಂದೀಟು ಕಡಿಮಿ ತುಂಬಿದ್ರ ಮುಗೀತಲ್ಲ,” ಎಂದರು ಬೇಗಂ. ನಾನೂ ತಲೆಯಾಡಿಸಿದೆ.

“ನಮ್ಮ ಕೋಳೀದು ಮುಗೀತು. ಮಾರೆವ್ವನ ಕೋಳಿ ಏನ್ ತಿನ್ನಬೇಕು?” ಎನ್ನುತ್ತ ತಾವೇ ಹೊಲಿಗೆ ಬಿಚ್ಚಿದರು. ಬೇಗಮರು ನಕ್ಕುಬಿಟ್ಟರು; ಗಂಗಾವತಿಯ ಪ್ರಯಾಣ ಅಲ್ಲಿಗೆ ನಿಂತಿತು.

ಕೆಲವು ವಾರಗಳ ಮೇಲೆ ಬೆಳ್ಳಂಬೆಳಿಗ್ಗೆ ನನ್ನ ಬಾಗಿಲು ಬಡಿದು, ಎಡಜೇಬಿನಿಂದ ಬೆಚ್ಚಗಿನ ಮೊಟ್ಟೆಯೊಂದನ್ನು ತೆಗೆದು ತೋರಿಸಿದರು. ಕೊಡಲಿಲ್ಲ, ಅದು ಮೆಹಜಬೀನಳದು.

ತಮ್ಮ ಲೆಕ್ಕವೇ ಸರಿಯೆಂದು ಹಟ ಹಿಡಿಯುವವರು ಎಲ್ಲೆಡೆ ಇದ್ದಾರೆ. ತಪ್ಪು ತಿಳಿದ ಮೇಲೆ ತಿದ್ದಿಕೊಳ್ಳುವವರಿಗೂ ಬರವಿಲ್ಲ. ಆ ತಪ್ಪಿನಿಂದ ಯಾರ ಹೊಟ್ಟೆ ತುಂಬುತ್ತಿತ್ತೆಂದು ನೋಡಿ, ಕತ್ತರಿ ಹಿಡಿದು ಅದನ್ನೇ ಉಳಿಸಿಕೊಳ್ಳುವ ಜನ ಮಾತ್ರ ಅಪರೂಪ. ಅಂಥವರು ಓಣಿಯಲ್ಲಿ ನಡೆದರೆ, ವಾದ್ಯವಿಲ್ಲದಿದ್ದರೂ ಹಿಂದೆ ದಿಬ್ಬಣ ಬರುತ್ತದೆ.