ಕೊರಳ ಮದ್ದು

"ಕೈ ಸಡಿಲ ಬಿಡವ್ವಾ, ಬಿಗಿ ಹಿಡೀಬ್ಯಾಡ," ಎಂದಳು ಬಳೆಗಾರ್ತಿ ಹನುಮಕ್ಕ.

"ಬಿಟ್ಟಿದೀನಿ," ಎಂದಳು ಜಗದಾಂಬಾ.

ಹನುಮಕ್ಕ ತಲೆಯೆತ್ತಿ ನೋಡಿದಳು. ಗಂಡಸಿನಂಥ ಆ ಒರಟು ದನಿ ಈ ಹೆಂಗಸಿನದೇ ಎಂದು ನಂಬಲು ಅವಳಿಗೆ ತುಸು ಹೊತ್ತು ಹಿಡಿಯಿತು. ಹೋದ ಯುಗಾದಿಗೆ ಸಲೀಸಾಗಿ ಏರಿದ್ದ ಅಳತೆಯ ಬಳೆ ಈ ಸಲ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತ್ತು. ಸೋಪಿನ ನೀರು ಹಚ್ಚಿ ಒತ್ತಿದಳು. ಬಳೆ ಚಟ್ಟನೆ ಒಡೆಯಿತು.

"ಊತ ಐತೆ ಕಣವ್ವ. ಕೈ ಅಂತೂ ಹೆಂಗೆ ತಣ್ಣಗೈತೆ! ಇಂಥಾ ಬಿಸಿಲಾಗೆ ಶಾಲು ಹೊದ್ದು ಕುಂತಿದೀಯಲ್ಲ, ಯಾರ್ಗೂ ತೋರಿಸ್ಲಿಲ್ವಾ?"

ಉತ್ತರ ನಡುಮನೆಯಿಂದ ಬಂತು. "ತೋರಿಸ್ದೆ ಇರ್ತೀವಾ? ಕೂತಲ್ಲೇ ಕೂತಿದ್ರೆ ಮೈ ಊದ್ಕಳ್ದೆ ಇನ್ನೇನಾಗ್ತದೆ?" ಎಂದರು ಅತ್ತೆ ಬಸವರಾಜೇಶ್ವರಿ.

ತೋರಿಸಿದ್ದು ನಿಜ. ಮಗಳು ಶಿವಗಂಗಾ ಹುಟ್ಟಿದ ಮರುವರ್ಷದಿಂದಲೇ ಜಗದಾಂಬೆಯ ಮೈ ಭಾರವಾಗತೊಡಗಿತ್ತು. ಗಂಡ ಪಂಚಾಕ್ಷರಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಅಲ್ಲಿನ ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಟಾನಿಕ್ ಕೊಟ್ಟರು. ಮೊದಲೇ ಕಟ್ಟಿಕೊಂಡಿದ್ದ ಹೊಟ್ಟೆ ಕಲ್ಲಾಯಿತು. ಕೆಂಗೇರಿಯ ಪಂಡಿತರು ವಾಯು ಎಂದು ಲೇಹ್ಯ ಕೊಟ್ಟರು. ಇನ್ನೊಬ್ಬರು ಚುಚ್ಚಿದ ಇಂಜೆಕ್ಷನ್ನುಗಳಿಂದ ಕೂರಲಾಗದಂತಾಯಿತೇ ಹೊರತು ಬೇರೇನೂ ಆಗಲಿಲ್ಲ. ಕೂದಲು ಬಾಚಣಿಗೆಗೆ ಹಿಡಿ ಹಿಡಿ ಬಂತು. ಮಗಳಿಗೆ ಜಡೆ ಹಾಕುತ್ತಲೇ ಅವಳು ನಿದ್ದೆ ಹೋಗುತ್ತಿದ್ದಳು. ಚಿತ್ರದುರ್ಗದಿಂದ ಬಂದ ಸ್ವಂತ ಅಣ್ಣ ಒಳಗಿನ ಅವಳ ಮಾತು ಕೇಳಿ, ಯಾರೋ ಗಂಡಸರು ಬಂದಿದ್ದಾರೆ ಎಂದುಕೊಂಡು ಬಾಗಿಲಾಚೆಯೇ ಕಾದಿದ್ದ. ಒದ್ದೆ ಕಂಬಳಿಯಲ್ಲಿ ತನ್ನನ್ನು ಸುತ್ತಿ, ಬಿಗಿದು, ಮೂಲೆಯಲ್ಲಿ ಇಟ್ಟುಬಿಟ್ಟಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಸೋಮಾರಿ ಎಂದು ಅತ್ತೆ ಅಂದಾಗ ಸಿಟ್ಟು ಬರಬೇಕಿತ್ತು. ಸಿಟ್ಟು ಬರುವುದಕ್ಕೂ ಮೈಯಲ್ಲಿ ಏನೋ ಇರಬೇಕಷ್ಟೆ.

ಆ ವರ್ಷ, ಕನ್ನಡದ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾದ ವರ್ಷ, ಎರಡು ಬೀದಿ ಆಚೆ ಡಾಕ್ಟರ್ ಸೇತುರಾಮ ಹೊಸದಾಗಿ ಷಾಪು ತೆರೆದರು. ಬಡಾವಣೆಯಲ್ಲಿ ಇನ್ನೂ ಅರ್ಧಕ್ಕರ್ಧ ನಿವೇಶನಗಳು ಖಾಲಿ. ಪಾಯಕ್ಕೆ ತೋಡಿದ ಗುಂಡಿಗಳ ನಡುವೆ ಹಾದು ಪಂಚಾಕ್ಷರಿ ಹೆಂಡತಿಯನ್ನು ಮೆಲ್ಲಗೆ ನಡೆಸಿಕೊಂಡು ಹೋದ. ಸೇತುರಾಮ ಅವಳ ಮುಖವನ್ನು ಸುಮ್ಮನೆ ನೋಡುತ್ತ ಕೂತರು. ಆಮೇಲೆ ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಹಾರಿತು, ಆದರೆ ಸೋತವರಂತೆ ನಿಧಾನವಾಗಿ ತನ್ನ ಜಾಗಕ್ಕೆ ಮರಳಿತು.

"ಇದು ಸೋಮಾರಿತನ ಅಲ್ಲಮ್ಮ. ಕೊರಳಲ್ಲಿ ಒಂದು ಗ್ರಂಥಿ ಇದೆ. ಅದು ನಿದ್ದೆ ಮಾಡ್ತಾ ಇದೆ. ನೀವಲ್ಲ," ಎಂದರು.

ಜಗದಾಂಬಾ ಅಲ್ಲಿಯೇ ಅತ್ತುಬಿಟ್ಟಳು.

ಬೂದು ಬಣ್ಣದ ಚಿಕ್ಕ ಮಾತ್ರೆಗಳು. ಮೊದಲ ಅಳತೆ ಜಾಸ್ತಿಯಾಗಿ ಎದೆ ಡವಡವ ಹೊಡೆದುಕೊಂಡಿತು. ಡಾಕ್ಟರು ಅರ್ಧಕ್ಕಿಳಿಸಿದರು, ಮತ್ತೆ ಕೊಂಚ ಏರಿಸಿದರು. ದೀಪಾವಳಿ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದ ಜಗದಾಂಬೆಯ ಹಣೆಯಿಂದ ಬೆವರು ಇಳಿಯಿತು. ಅವಳು ಬೆರಳಿನಿಂದ ಒರೆಸಿ ನಾಲಗೆಗೆ ಮುಟ್ಟಿಸಿದಳು. ಉಪ್ಪು! ಶಾಲು ಪೆಟ್ಟಿಗೆ ಸೇರಿತು. ದನಿ ತೆಳ್ಳಗಾಯಿತು. ಶಿವಗಂಗಾ ಅಮ್ಮನ ಬೆನ್ನು ಹತ್ತಿ, ಕರೆದರೆ ಓಡಿಬರುವ ಅಮ್ಮ ಸಿಕ್ಕಿದ್ದಾಳೆಂದು ಸುಮ್ಮಸುಮ್ಮನೆ ಕರೆಯುತ್ತಿದ್ದಳು.

ಸಂಕ್ರಾಂತಿಯ ಸುಮಾರಿಗೆ ಹೊಸ ಸೀಸೆ ತರಲು ಹೋದ ಪಂಚಾಕ್ಷರಿ, ಮಾತಿನ ನಡುವೆ ಸುಮ್ಮನೆ ಎಂಬಂತೆ ಕೇಳಿದ, "ಇದನ್ನ ಯಾತರಿಂದ ಮಾಡ್ತಾರೆ ಡಾಕ್ಟ್ರೇ? ಒಂಥರಾ ವಾಸನೆ."

ಸೇತುರಾಮರ ಕೈ ಸೀಸೆಯ ಮೇಲೆ ನಿಂತಿತು. "ಕುರಿಯ ಕೊರಳಿನ ಗ್ರಂಥಿ. ಒಣಗಿಸಿ ಪುಡಿ ಮಾಡಿರೋದು. ನಿಮ್ಮ ಹಣೆ ಮೇಲಿನ ವಿಭೂತಿ ನೋಡಿದಾಗಲೇ ಹೇಳಬೇಕಿತ್ತು ನಾನು. ಹೇಳಿದ್ರೆ ಬಿಟ್ಟುಬಿಡ್ತೀರಿ ಅಂತ ಸುಮ್ಮನಾದೆ."

"ಬೇರೆ ಯಾವುದೂ ಇಲ್ವಾ?"

"ಹೊರದೇಶದಲ್ಲಿ ಏನೋ ಬಂದಿದೆಯಂತೆ. ನನ್ನ ಕೈಗೆ ಸಿಕ್ಕಿಲ್ಲ."

ಮನೆಗೆ ಬಂದು ಅವನು ಹೇಳಿದಾಗ ಜಗದಾಂಬಾ ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡಳು. ಬಸವರಾಜೇಶ್ವರಿ ಮಡಕೆಗಳನ್ನೆಲ್ಲ ಹೊರಗಿಟ್ಟು ಅಡಿಗೆಮನೆ ತೊಳೆದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಪೂಜೆಗೆ ಕೂತು ಕೊರಳಿನ ಕರಡಿಗೆಯಿಂದ ಲಿಂಗವನ್ನು ಅಂಗೈಗೆ ತಂದುಕೊಂಡ ಜಗದಾಂಬೆಗೆ ಅದರ ಮೇಲೆ ದೃಷ್ಟಿ ನಿಲ್ಲಿಸಲಾಗಲಿಲ್ಲ. ಸೀಸೆಯನ್ನು ಅವಳೇ ಚರಂಡಿಗೆ ಬರಿದು ಮಾಡಿದಳು.

ಚಳಿ ನಿಧಾನವಾಗಿ ವಾಪಸಾಯಿತು. ಮೊದಲು ಕಾಲಿನ ಬೆರಳಿಗೆ, ಆಮೇಲೆ ಮೈಗೆಲ್ಲ. ದಾರಿ ಗೊತ್ತಿದ್ದವರ ಹಾಗೆ ಬಂತು. ಪಂಚಾಕ್ಷರಿ ಮಠದ ಅಯ್ಯನವರನ್ನು ಕೇಳಿಬಂದ. "ಔಷಧಿ ಔಷಧೀನೇ, ಆದರೆ ಅವರವರ ಮನಸ್ಸು ಒಪ್ಪಬೇಕಲ್ಲ" ಎಂದಿದ್ದರಂತೆ.

"ನಿಮ್ಮ ಮನಸ್ಸು ಏನನ್ನುತ್ತೆ?" ಎಂದು ಜಗದಾಂಬಾ ಕೇಳಿದಳು. ನಾಲಗೆ ಮತ್ತೆ ದಪ್ಪಗಾಗಿತ್ತು.

"ತಗೋ ಅನ್ನಕ್ಕೂ ಆಗಲ್ಲ ನಂಗೆ, ಬ್ಯಾಡ ಅನ್ನಕ್ಕೂ ಆಗಲ್ಲ," ಎಂದು ಅವನು ಅಂಗಿ ತೊಟ್ಟು ಕೆಲಸಕ್ಕೆ ಹೊರಟುಹೋದ.

ಬೇಸಿಗೆಯ ಮಳೆ ಹೊಡೆದ ಮರುದಿನ ಮಧ್ಯಾಹ್ನ ಅವಳು ಜಗಲಿಯ ಮೇಲೆ ಕೂತಿದ್ದಳು. ಅತ್ತೆ ಒಳಗೆ ಮಲಗಿದ್ದರು. ಎದುರಿನ ಖಾಲಿ ನಿವೇಶನದಲ್ಲಿ ಆಡುತ್ತಿದ್ದ ಶಿವಗಂಗಾ ನೀರು ನಿಂತಿದ್ದ ಪಾಯದ ಗುಂಡಿಯ ಅಂಚಿನಲ್ಲಿ ಜಾರಿದ್ದು ಅವಳಿಗೆ ಕಂಡಿತು. "ಅಮ್ಮಾ" ಎಂದದ್ದೂ ಕೇಳಿಸಿತು. ಏಳಬೇಕು ಎಂದು ಗೊತ್ತಾಯಿತು. ಆದರೆ ಗೊತ್ತಾದದ್ದಕ್ಕೂ ಮಂಡಿ ಮಡಿಸಿ ನೆಲಕ್ಕೆ ಕೈಯೂರಿದ್ದಕ್ಕೂ ನಡುವೆ ಎಷ್ಟೋ ಹೊತ್ತು ಸರಿಯಿತು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಕಲ್ಲು ಹೊರುತ್ತಿದ್ದ ಹೆಂಗಸೊಬ್ಬಳು ಮಕ್ಕರಿ ಬಿಸಾಡಿ ಗುಂಡಿಗೆ ಹಾರಿದ್ದಳು. ಕೆಂಪು ನೀರು ಸುರಿಯುತ್ತ, ಕೆಮ್ಮುತ್ತ, ಮಗು ಮೇಲೆ ಬಂತು.

"ನೋಡ್ತಾ ನಿಂತಿದೀಯಲ್ಲ ತಾಯಿ, ನೀನು ಹೆತ್ತವಳಾ?" ಎಂದಳು ಆಕೆ ಏದುತ್ತ.

ಜಗದಾಂಬಾ ಮಗಳನ್ನು ಒರೆಸಿ, ಬಟ್ಟೆ ಬದಲಿಸಿ, ಅತ್ತೆಯ ಪಕ್ಕದಲ್ಲಿ ಮಲಗಿಸಿದಳು. ಆಮೇಲೆ ಸೆರಗು ಹೊದ್ದು ಒಬ್ಬಳೇ ಬೀದಿಗಿಳಿದಳು. ಆ ಬಡಾವಣೆಯಲ್ಲಿ ಅವಳು ಒಬ್ಬಳೇ ನಡೆದದ್ದು ಅದೇ ಮೊದಲು. ನಾಲ್ಕು ಕಡೆ ಕೂತು ಎದ್ದು ಸೇತುರಾಮರ ಷಾಪು ಮುಟ್ಟಿದಾಗ ಅವರು ಬಾಗಿಲು ಹಾಕುತ್ತಿದ್ದರು.

"ಕೊಡಿ," ಎಂದಳು.

"ಮನೇಲಿ ಒಪ್ಪಿದ್ರಾ ಅಮ್ಮ?"

"ನಾನು ಕೇಳಿಲ್ಲ."

ಮೊದಲ ಮಾತ್ರೆಯನ್ನು ಅಲ್ಲಿಯೇ, ಅವರ ಹೂಜಿಯ ನೀರಿನಲ್ಲಿ, ಕಣ್ಣು ಮುಚ್ಚಿ ನುಂಗಿದಳು. ಬಾಯಿಗೆ ಸೆರಗು ಒತ್ತಿಕೊಂಡು ಅದು ಇಳಿಯುವ ತನಕ ಗೋಡೆ ಹಿಡಿದು ನಿಂತಳು.

ಸಂಜೆ ಗುಂಡಿಯ ವಿಷಯವನ್ನೂ ಮಾತ್ರೆಯ ವಿಷಯವನ್ನೂ ಅತ್ತೆಗೆ ಅವಳೇ ಹೇಳಿದಳು. ಮುಚ್ಚಿಡುವುದು ಅವಳಿಂದಾಗದು. ಬಸವರಾಜೇಶ್ವರಿ ಮೊಮ್ಮಗಳನ್ನು ಹತ್ತಿರಕ್ಕೆಳೆದು ತಲೆ ನೇವರಿಸಿದರು.

"ಬದುಕ್ಕೋ, ಬ್ಯಾಡ ಅನ್ನಲ್ಲ," ಎಂದರು. "ಆದ್ರೆ ಅಡಿಗೆಮನೆಗೂ ದೇವರಮನೆಗೂ ಬರಬ್ಯಾಡ. ನನ್ನ ಜೀವ ಇರೋವರ್ಗೂ."

ಪಂಚಾಕ್ಷರಿ ಇಬ್ಬರ ಮುಖವನ್ನೂ ನೋಡಲಿಲ್ಲ.

ಹಾಗೆಯೇ ನಡೆಯಿತು. ಜಗದಾಂಬೆಯ ತಟ್ಟೆ ಲೋಟ ಹಿತ್ತಿಲ ಬಾಗಿಲಿನ ಹತ್ತಿರದ ಗೂಡಿಗೆ ಬಂದವು. ಬಚ್ಚಲ ಪಕ್ಕದ ಕೋಣೆಯಲ್ಲಿ ಮಣೆ ಹಾಕಿಕೊಂಡು ಲಿಂಗಪೂಜೆ ಮಾಡಿಕೊಳ್ಳತೊಡಗಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಮೈ ಮತ್ತೆ ಬೆಚ್ಚಗಾಯಿತು, ಹುಬ್ಬು ತುಂಬಿಕೊಂಡಿತು. ಬಾವಿಯಿಂದ ಎರಡು ಕೊಡ ಒಟ್ಟಿಗೆ ತರುವಷ್ಟು ತೋಳು ಗಟ್ಟಿಯಾಯಿತು. ಬೀದಿಯವರು ಮೆಚ್ಚಿ ಮಾತಾಡಿದರು. ಬಸವರಾಜೇಶ್ವರಿ ಮಾತ್ರ ಇಳಿದುಹೋಗಿದ್ದರು. ಅಡಿಗೆಯ ಕೆಲಸವೆಲ್ಲ ಆ ವಯಸ್ಸಿನಲ್ಲಿ ಅವರೊಬ್ಬರದೇ.

ಒಂದು ಬೆಳಿಗ್ಗೆ ಅವರು ದೋಸೆಗೆ ರುಬ್ಬುತ್ತಿದ್ದರು. ಜಗದಾಂಬಾ ಜಗಲಿ ಗುಡಿಸಿ ಮುಗಿಸಿ ಒಳಗೆ ಬಂದಳು. ಗುಂಡುಕಲ್ಲು ತಿರುಗುವ ಸದ್ದು ತಡೆತಡೆದು ಬರುತ್ತಿತ್ತು. ನಾಲ್ಕು ಸುತ್ತು, ಏದುಸಿರು, ಮತ್ತೆ ಎರಡು ಸುತ್ತು. ಅವಳು ಅಡಿಗೆಮನೆಯ ಹೊಸ್ತಿಲವರೆಗೂ ಬಂದು ನಿಂತಳು. ಅತ್ತೆಯ ಬೆನ್ನು ಕಾಣುತ್ತಿತ್ತು, ರವಿಕೆ ಬೆವರಿಗೆ ಅಂಟಿಕೊಂಡಿತ್ತು.

ಕಲ್ಲು ನಿಂತಿತು. ಬಸವರಾಜೇಶ್ವರಿ ತಿರುಗಿ ನೋಡಲಿಲ್ಲ. ಒಂದು ಕೈ ಕಲ್ಲಿನ ಮೇಲಿಟ್ಟು, ಇನ್ನೊಂದರಿಂದ ಮಂಡಿ ಒತ್ತಿಕೊಳ್ಳುತ್ತ, ಹಾಗೆಯೇ ಕೂತಿದ್ದರು. ಜಗದಾಂಬಾ ಬಾಗಿಲ ಚೌಕಟ್ಟಿನ ಎರಡೂ ಕಡೆಗೆ ಕೈಯಾನಿಸಿ, ಕಲ್ಲು ಮತ್ತೆ ತಿರುಗುವುದನ್ನು ಕಾಯುತ್ತ ನಿಂತಳು.