ಹಿಡಿಕೆ ಹಾಕುವ ಜಾಗ

"ಮೇಲಿನವರು ಇನ್ನೂ ಸ್ವಲ್ಪ ಎತ್ತಿ! ಗೋಡೆಗೆ ಉಜ್ಜಬೇಡ್ರಪ್ಪಾ, ಬಣ್ಣ ಹೋದ್ರೆ ಆಮೇಲೆ ಮನೆಯವರ ಹತ್ರ ಬೈಸಿಕೊಳ್ಳೋರು ಯಾರು?"

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆಯ ಕೆಳತುದಿ ಹಿಡಿದಿದ್ದ ಉದ್ದಣ್ಣ ಇಷ್ಟು ಕೂಗಿ, ತಾನು ಕೂಗಿದ್ದು ತನ್ನ ಕಿವಿಗೇ ಬಿದ್ದಾಗ ನಾಲಿಗೆ ಕಚ್ಚಿಕೊಂಡ. ಅಭ್ಯಾಸಬಲ. ಅವನೂ ಬಾತ್‌ರೂಮು ಕೆಲಸದ ಮೇಸ್ತ್ರಿಯೂ ಸೇರಿ ಇಂಥ ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ಇಳಿಸಿದ ಹಳೆಯ ಬಾತ್‌ಟಬ್ಬುಗಳಿಗೆ ಲೆಕ್ಕವಿಲ್ಲ. ಕೆಳಗಿನ ತುದಿ ಯಾವಾಗಲೂ ಉದ್ದಣ್ಣನದು, ಮೇಲಿನ ತುದಿ ಮೇಸ್ತ್ರಿಯದು. ಇವತ್ತು ಮೇಸ್ತ್ರಿ ಪೆಟ್ಟಿಗೆಯೊಳಗೆ ಮಲಗಿದ್ದರಿಂದ ಮೇಲಿನ ತುದಿ ಅವನ ಅಳಿಯನ ಪಾಲಿಗೆ ಬಂದಿತ್ತು. ಅಳಿಯ ಒಳ್ಳೆಯವನೇ, ಆದರೆ ಭಾರ ಹೊತ್ತು ಗೊತ್ತಿಲ್ಲ.

ಹಿಂದೆ ಮಗಳ ತೋಳು ಹಿಡಿದು ಮೇಸ್ತ್ರಿಯ ಹೆಂಡತಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಮಂಡಿಗಳು ಹೇಳಿದ ಮಾತು ಕೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಗಂಡ ಶೂ ಹಾಕಿಕೊಳ್ಳುತ್ತಾ ಹಾಗೇ ಗೋಡೆಗೆ ಒರಗಿದವನು ಏಳಲಿಲ್ಲ. ಅವತ್ತಿನಿಂದ ಆಕೆ ಸ್ನಾನ ಮಾಡಿಲ್ಲ. ಮನೆಯ ಟಬ್ಬಿನ ಅಂಚು ಮಂಡಿಯ ಎತ್ತರಕ್ಕೆ ಬರುತ್ತದೆ. ಅದನ್ನು ದಾಟಬೇಕಾದರೆ ಅವನ ಕೈ ಬೇಕು. ಗಂಡನ ಅಂತ್ಯಕ್ರಿಯೆಯ ದಿನ ಹೆಂಗಸೊಬ್ಬಳು ಸ್ನಾನದ ಚಿಂತೆ ಮಾಡುತ್ತಿದ್ದಾಳೆಂದರೆ ಜನ ಏನಂದುಕೊಂಡಾರು ಎಂದು ಆಕೆ ಬಾಯಿ ಬಿಟ್ಟಿರಲಿಲ್ಲ.

ಮಗಳಿಗೆ ಅದು ಹೇಗೋ ತಿಳಿದಿತ್ತು. "ಅಮ್ಮ, ಇವತ್ತಿಂದ ನಮ್ಮನೇಗೇ ಬಂದ್ಬಿಡು. ಅಲ್ಲಿ ದಾಟೋ ಗೋಜಿಲ್ಲ, ನೆಲದ ಮೇಲೇ ನಡ್ಕೊಂಡು ಹೋಗಿ ಶವರ್ ಕೆಳಗೆ ನಿಲ್ಲಬಹುದು. ಅಪ್ಪಾನೇ ಮಾಡಿಕೊಟ್ಟಿದ್ದಲ್ವಾ."

"ಹೌದು, ನಿನಗೂ ಮಾಡಿಕೊಟ್ರು," ಎಂದಳು ತಾಯಿ. "ನನ್ನ ಮನೆ ಬಿಟ್ಟು ಎಲ್ಲಿಗೂ ಬರಲ್ಲ."

ಸ್ಮಶಾನದಲ್ಲಿ ಮಾತಾಡಬೇಕಾದವರು ಮಾತಾಡಿ ಮುಗಿಸಿದರು. ಮಣ್ಣು ಹಾಕುವವರು ಹಾಕಿದರು. ಆಮೇಲೆ ಜನ ಒಬ್ಬೊಬ್ಬರಾಗಿ ಆಕೆಯ ಹತ್ತಿರ ಬಂದರು. ಬಹುಪಾಲು ಮುದುಕಿಯರು, ಕೋಲೂರಿಕೊಂಡು ಬಂದವರು.

"ನಮ್ಮನೆ ಟಬ್ಬು ಕಿತ್ತು ಶವರ್ ಮಾಡಿಕೊಟ್ಟ ಮೇಲೆ ಒಂದು ಸಲಾನೂ ಜಾರಿಲ್ಲಮ್ಮ ನಾನು," ಎಂದು ಬೇಕರಿಯ ಅಜ್ಜಿ ಕೈ ಹಿಡಿದುಕೊಂಡಳು. "ಗೋಡೆಗೆ ಹಿಡಿಕೆ ಎಲ್ಲಿ ಹಾಕ್ಲಿ ಅಂತ ಕೇಳ್ಲೇ ಇಲ್ಲ ನೋಡಿ. 'ಕಣ್ಣು ಮುಚ್ಕೊಂಡು ಒಳಗೆ ಹೆಜ್ಜೆ ಇಡಿ' ಅಂದ್ರು. ನನಗೆ ಜೀವ ಬಾಯಿಗೆ ಬಂತು. ಕೈ ಹೋಗಿ ಗೋಡೆಗೆ ಬಡೀತು. ಅಲ್ಲೇ ಪೆನ್ಸಿಲ್ ಗೀಚಿಬಿಟ್ರು."

"ನನಗೂ ಅದೇ ಕಥೆ," ಎಂದ ಪಕ್ಕದಲ್ಲಿದ್ದ ಮುದಿ ಟೈಲರ್. "ನಾನು ಟೇಪು ತಂದುಕೊಟ್ಟೆ. ಅಳತೆ ಅಂದ್ರೆ ನನ್ನ ಕಸುಬು ತಾನೇ? 'ಟೇಪು ಒಳಗಿಡಿ, ಎಲ್ಲಿ ಹಿಡೀಬೇಕು ಅಂತ ನಿಮ್ಮ ಭಯಕ್ಕೆ ಗೊತ್ತು' ಅಂದ್ಬಿಟ್ರು ಪುಣ್ಯಾತ್ಮ."

"ಊರಿಗೆಲ್ಲ ಇಷ್ಟು ಚೆನ್ನಾಗಿ ಮಾಡಿದೋರು," ಅಜ್ಜಿ ಕಣ್ಣೊರೆಸಿಕೊಂಡಳು, "ನಿಮ್ಮನೇದಂತೂ ಅರಮನೆ ಥರ ಇರ್ಬೇಕು ಬಿಡಿ."

"ನೋಡಿದ್ರೆ ದಂಗಾಗಿಹೋಗ್ತೀರಿ," ಎಂದಳು ಮೇಸ್ತ್ರಿಯ ಹೆಂಡತಿ.

ಆಕೆಗೆ ಸಿಟ್ಟು ಬಂದಿತ್ತು. ಗೋರಿಯ ಹಸಿಮಣ್ಣು ಇನ್ನೂ ಆರದವನ ಮೇಲೆ ಸಿಟ್ಟು. ಕಂಡಕಂಡವರ ಅಜ್ಜಿಯರೆಲ್ಲ ಅವನು ಹಾಕಿದ ಹಿಡಿಕೆ ಹಿಡಿದು ನೆಟ್ಟಗೆ ನಿಂತು ಮೈ ತೊಳೆದುಕೊಳ್ಳುತ್ತಿದ್ದಾರೆ. ಕಟ್ಟಿಕೊಂಡವಳಿಗೆ ಮಾತ್ರ ಅದೇ ಹಳೇ ಟಬ್ಬು.

*

ವರ್ಷಗಳ ಹಿಂದೆ ಒಂದು ಭಾನುವಾರ ಅವನು ಮನೆಯಲ್ಲೂ ಶುರು ಮಾಡಿದ್ದನೇನೋ ನಿಜ. ಕಿವಿಯ ಸಂದಿಯ ಪೆನ್ಸಿಲ್ ಕೈಗೆ ಬಂದಿತ್ತು.

"ಕಣ್ಣು ಮುಚ್ಚು. ಹೆಜ್ಜೆ ಇಡು," ಅಂದ.

ಆಕೆ ಕಣ್ಣು ಮುಚ್ಚಿ ಟಬ್ಬಿನೊಳಕ್ಕೆ ಕಾಲೆತ್ತಿದಳು. ಕೈ ನೇರ ಹೋಗಿ ಅವನ ಮೊಣಕೈ ಹಿಡಿಯಿತು.

"ನನ್ನನ್ನಲ್ಲ ಕಣೇ. ಗೋಡೆ ಹಿಡಿ, ಗೋಡೆ."

"ಹೇಳಿಸಿಕೊಂಡು ಹಿಡಿದ್ರೆ ಅದು ಗುರುತು ಹೇಗಾಗುತ್ತೆ ರೀ? ನಿಮ್ಮ ವಿದ್ಯೆ ನಿಮಗೇ ಮರೆತುಹೋಯ್ತಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಮತ್ತೆ ಕಾಲೆತ್ತಿದಾಗ ಕೈ ಗಾಳಿಯಲ್ಲಿ ತಡಕಾಡಿ ಅವನ ಅಂಗಿಯನ್ನೇ ಹುಡುಕಿ ಹಿಡಿಯಿತು. ಗುಂಡಿ ಕಿತ್ತುಬಂದು ಟಬ್ಬಿನೊಳಗೆ ಬಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಇನ್ನೊಂದು ಭಾನುವಾರ ನೋಡೋಣ," ಅಂದ.

ಆ ಇನ್ನೊಂದು ಭಾನುವಾರ ಬರಲೇ ಇಲ್ಲ. ದಿನಾ ಬೆಳಿಗ್ಗೆ ಟಬ್ಬಿಗೂ ಕೈತೊಳೆಯುವ ಬೇಸಿನ್ನಿಗೂ ನಡುವೆ ಅವನು ತೋಳು ಚಾಚಿ, ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದ. "ನಾನು ನೋಡ್ತಿಲ್ಲ," ಅನ್ನುತ್ತಿದ್ದ. "ನೀವು ನೋಡದೇ ಇರೋದು ಏನು ಉಳಿದಿದೆ ಇಲ್ಲಿ," ಅನ್ನುತ್ತಿದ್ದಳು ಈಕೆ. ಅಷ್ಟು ವರ್ಷವೂ ಅದೇ ಮಾತು, ಒಂದಕ್ಷರ ಬದಲಾಗದೆ.

*

ಸಂಜೆ ಬಂದವರೆಲ್ಲ ಹೋದ ಮೇಲೆ ಉದ್ದಣ್ಣ ಮತ್ತೆ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲೇ ಶೂ ಬಿಚ್ಚಿದ.

"ಅತ್ತಿಗೆ, ನಾಳೇನೇ ಟಬ್ಬು ಕಿತ್ತುಹಾಕ್ತೀನಿ. ನೆಲಕ್ಕೆ ಇಳಿಜಾರು ಕೊಟ್ಟು ಟೈಲ್ಸ್ ಕೂರಿಸೋಕೆ ಒಂದು ವಾರ. ಆಮೇಲೆ ನಿಮಗೆ ಯಾರ ಹಂಗೂ ಬೇಡ. ಹಿಡಿಕೆ ಜಾಗ ಒಂದು ಈಗಲೇ ಗುರುತು ಮಾಡ್ಕೊಂಡು ಹೋಗ್ತೀನಿ."

"ಇವತ್ತೇ ಏನವಸರ ಅಂಕಲ್?" ಎಂದಳು ಮಗಳು. "ಅಮ್ಮ ನನ್ನ ಜೊತೆ ಬರ್ತಾಳೆ."

"ಗುರುತು ಮಾಡ್ಲಿ," ಎಂದು ತಾಯಿ ಎದ್ದಳು. "ನಾನು ಇಲ್ಲೇ ಇರ್ತೀನಿ. ಒಬ್ಬಳ ಕೈಲಿ ಆಗದೇ ಹೋದ್ರೆ ನಿನ್ನ ಜೊತೆ ಬರ್ತೀನಿ. ಸರಿ ತಾನೇ?"

ಮೂವರೂ ಬಾತ್‌ರೂಮಿಗೆ ಹೋದರು. ಮೇಸ್ತ್ರಿಯ ಟವೆಲು ಮೊಳೆಯಲ್ಲೇ ಇತ್ತು. ಉದ್ದಣ್ಣ ಟಬ್ಬಿನ ಆಚೆ, ಗೋಡೆಯ ಹತ್ತಿರ ಪೆನ್ಸಿಲ್ ಹಿಡಿದು ನಿಂತ. "ನೀನು ಹಿಂದಿನಿಂದ ಅಮ್ಮನ ಸೊಂಟ ಗಟ್ಟಿಯಾಗಿ ಹಿಡ್ಕೋ ತಾಯಿ," ಎಂದ ಮಗಳಿಗೆ. "ಅತ್ತಿಗೆ, ಕಣ್ಣು ಮುಚ್ಚಿ. ಹೆಜ್ಜೆ ಇಡಿ."

ಆಕೆ ಕಣ್ಣು ಮುಚ್ಚಿದಳು. ಕಾಲು ಅಂಚಿನವರೆಗೆ ಮೇಲೆದ್ದಿತು. ಕೈ ಚಾಚಿತು.

ಗೋಡೆಯ ಕಡೆಗಲ್ಲ. ಇನ್ನೊಂದು ಕಡೆಗೆ, ಬೇಸಿನ್ನಿಗೂ ಟಬ್ಬಿಗೂ ನಡುವೆ ಏನೂ ಇಲ್ಲದ ಜಾಗಕ್ಕೆ. ಅಲ್ಲಿ ಹೋಗಿ ನಿಂತಿತು. ಬೆರಳುಗಳು ಒಂದು ಮೊಣಕೈಯ ದಪ್ಪಕ್ಕೆ ಬಾಗಿದ್ದವು.

ಉದ್ದಣ್ಣ ತನ್ನ ಎದುರಿನ ಖಾಲಿ ಟೈಲ್ಸ್ ನೋಡಿದ, ಆ ಕೈ ನೋಡಿದ. "ಅತ್ತಿಗೆ," ಎಂದ ಮೆಲ್ಲಗೆ, "ಗೋಡೆ ಈ ಕಡೆ."

"ಗೊತ್ತು," ಎಂದಳು. ಕಣ್ಣು ತೆರೆಯಲಿಲ್ಲ. ದುಃಖ ಈಗ ಬಂತು, ಇಡೀ ದಿನ ಎಲ್ಲೋ ಕಾದು ಕೂತಿದ್ದು. ಮಗಳು ಸೊಂಟ ಹಿಡಿದಿದ್ದ ಕೈಗಳನ್ನು ಇನ್ನಷ್ಟು ಬಿಗಿ ಮಾಡಿದಳು.

ಉದ್ದಣ್ಣ ಸುತ್ತು ಹಾಕಿ ಈಚೆಗೆ ಬಂದ. ಸೂರನ್ನು ನೋಡಿದ, ನೆಲವನ್ನು ನೋಡಿದ. "ಹಾಗಾದ್ರೆ ಇಲ್ಲೇ ಒಂದು ಕಂಬ ನಿಲ್ಲಿಸಿದ್ರಾಯ್ತು," ಎಂದ. "ನೆಲದಿಂದ ಸೂರಿನವರೆಗೆ. ಕೈ ಇಳಿಸಬೇಡಿ."

ಆಕೆ ಇಳಿಸಲಿಲ್ಲ. ಆ ಉದ್ದನೆಯ ಮನುಷ್ಯ ಕಷ್ಟಪಟ್ಟು ಮಂಡಿಯೂರಿದ. ಚಾಚಿದ ಕೈಯ ಕೆಳಗೆ ನೆಲದ ಎರಡು ಟೈಲುಗಳ ಮೆರುಗು ಸವೆದುಹೋಗಿತ್ತು, ಎರಡು ಪಾದಗಳಷ್ಟು ಅಗಲಕ್ಕೆ. ಆ ಸವಕಲಿನ ನಡುವೆ ಅವನು ಪೆನ್ಸಿಲ್‌ನಿಂದ ಒಂದು ಗುರುತು ಹಾಕಿದ.